ತಾರೀಕಿಲ್ಲದ ನಲವತ್ನಾಲ್ಕು ಕಾಗದಗಳು

ಮಾರ್ಚ್ ಹದಿನಾಲ್ಕು, ಶನಿವಾರ. ಸಂಜೆ ಐದು ಗಂಟೆ ಹತ್ತು ನಿಮಿಷ. ಪಕ್ಷದ ರಾಜ್ಯ ಕಚೇರಿ, ಎರಡನೇ ಮಹಡಿ. ಎಲ್ಲರೂ ನಾಳೆಯ ಸಭೆಗೆ ಕುರ್ಚಿ ಹಾಕಿಸಲು ಸಭಾಂಗಣಕ್ಕೆ ಹೋಗಿದ್ದಾರೆ. ಇಲ್ಲಿ ನಾನೊಬ್ಬಳೇ. ಟೈಮ್‌ಕೀಪರ್ ಆಸ್ಪತ್ರೆ ಸೇರಿ ಇವತ್ತಿಗೆ ನಲವತ್ತು ದಿನ.

ಪುಟ್ಟಾ,

ನಿನ್ನ ಹೆಸರಿನಲ್ಲಿ ನಾನು ಬರೆದ ಕಾಗದಗಳು ಸಾವಿರಾರು. ಹೇಳಿಕೆ, ಅಭಿನಂದನೆ, ಸಂತಾಪ, ಖಂಡನೆ ಎಲ್ಲವನ್ನೂ ನಾನು ಬರೆದೆ, ಕೆಳಗೆ ನೀನು ಸಹಿ ಹಾಕಿದೆ. ನಿನಗೇ ಅಂತ ಬರೆಯುತ್ತಿರುವುದು ಇದೇ ಮೊದಲು. ಈ ಕಟ್ಟಡದೊಳಗೆ ನಾನು ನಿನ್ನನ್ನು 'ಅಧ್ಯಕ್ಷರು' ಅಂತಲೇ ಕರೆಯುತ್ತಾ ಬಂದಿದ್ದೇನೆ, ಬಹುವಚನ ಬಿಟ್ಟಿಲ್ಲ. ಇವತ್ತು ಇದೇ ಮೇಜಿನ ಮೇಲೆ, ಇದೇ ಕಚೇರಿಯ ಹಾಳೆಯಲ್ಲಿ, 'ನೀನು' ಅಂತ ಬರೆಯುತ್ತಿದ್ದೇನೆ. ಇದನ್ನು ಬರೆಯುತ್ತಿರುವವಳು ಕಚೇರಿ ಕಾರ್ಯದರ್ಶಿ ಅಲ್ಲ, ನಿನ್ನ ಅಕ್ಕ. ಅಥವಾ ಇಬ್ಬರೂ ಇರಬಹುದು. ಬೆಳಿಗ್ಗೆಯಿಂದ ನನಗೂ ಅದು ತಿಳಿಯುತ್ತಿಲ್ಲ.

ಬೆಳಿಗ್ಗೆ ಆರು ಮುಕ್ಕಾಲಿಗೆ ಪೇಪರ್ ಬಂತು. ಒಲೆಯ ಮೇಲೆ ಹಾಲಿಟ್ಟು ಅದನ್ನು ಬಿಡಿಸಿದೆ. ಮೊದಲ ಪುಟದ ಕೆಳಭಾಗದಲ್ಲಿ ಎರಡು ಕಾಲಂ ಸುದ್ದಿ. ಶಿಸ್ತು ಸಮಿತಿಯ ಅಧ್ಯಕ್ಷರು, ಅಂದರೆ ನಮ್ಮ ಟೈಮ್‌ಕೀಪರ್, ರಾಜೀನಾಮೆ ನೀಡಿದ್ದಾರೆ, ರಾಜ್ಯಾಧ್ಯಕ್ಷರ ಮೂರನೇ ಅವಧಿಗೆ ಇದ್ದ ಏಕೈಕ ಅಡ್ಡಿ ನಿವಾರಣೆಯಾಗಿದೆ. ಪಕ್ಕದಲ್ಲಿ ಆ ಪತ್ರದ ಫೋಟೋ. ಮೊದಲು ಸುದ್ದಿ ಓದಿದೆ. ಆಮೇಲೆ ಪತ್ರ ಓದಿದೆ. 'ಪಕ್ಷದ ಹಿತದೃಷ್ಟಿಯಿಂದ ನನ್ನ ಸ್ಥಾನವನ್ನು ಸ್ವಇಚ್ಛೆಯಿಂದ ತೆರವು ಮಾಡುತ್ತಿದ್ದೇನೆ; ದಯವಿಟ್ಟು ಅಂಗೀಕರಿಸಬೇಕು.'

ಹಾಲು ಉಕ್ಕಿ ಒಲೆ ಆರಿಹೋಯಿತು. ವಾಸನೆ ಬಂದ ಮೇಲೆ ಗೊತ್ತಾಯಿತು.

ಅದು ನನ್ನ ವಾಕ್ಯ, ಪುಟ್ಟಾ. ನಡುವಿನ ಆ ಅರ್ಧವಿರಾಮ ಕೂಡ ನನ್ನದೇ. ಈ ಕಚೇರಿಯಲ್ಲಿ ಅರ್ಧವಿರಾಮ ಹಾಕುವವಳು ನಾನೊಬ್ಬಳೇ ಅಂತ ನೀನೇ ತಮಾಷೆ ಮಾಡುತ್ತಿದ್ದೆ. ಹತ್ತು ವರ್ಷದ ಹಿಂದೆ ನಾನು ಟೈಪ್ ಮಾಡಿದ ವಾಕ್ಯ ಇವತ್ತಿನ ಪೇಪರಿನಲ್ಲಿ, ನಿನ್ನೆಯ ತಾರೀಕು ಹೊತ್ತು, ಕಣ್ಣು, ಎಡಗೈ ಬಿಟ್ಟರೆ ಬೇರೇನನ್ನೂ ಸರಿಯಾಗಿ ಆಡಿಸಲಾಗದ ಒಬ್ಬ ಮನುಷ್ಯನ ಮಾತಾಗಿ ನಿಂತಿತ್ತು.

ತಾರೀಕನ್ನು ಯಾರೋ ಕೈಯಲ್ಲಿ ಬರೆದಿದ್ದರು. ಹದಿಮೂರು, ಮೂರು. ಮೂರರ ತಲೆಯ ಮೇಲೆ ಚಪ್ಪಟೆ ಗೆರೆ. ಕನ್ನಡಕ ಒರೆಸಿ ಮತ್ತೆ ನೋಡಿದೆ. ನಿನಗೆ ಐದು ವರ್ಷ ಇದ್ದಾಗ ಬಸ್ ಡಿಪೋ ಕ್ಯಾಂಟೀನಿನ ಹಿಂದೆ, ಅಮ್ಮ ಲೋಟ ತೊಳೆಯುವ ಕಟ್ಟೆಯ ಮೇಲೆ ಕೂರಿಸಿಕೊಂಡು, ಹಳೆಯ ಟಿಕೆಟ್‌ಗಳ ಹಿಂಭಾಗದಲ್ಲಿ ನಿನಗೆ ಅಂಕಿ ಕಲಿಸಿದವಳು ನಾನು. ಮೂರು ಬರೆದರೆ ಅದು ಎಂಟರಂತೆ ಕಾಣುತ್ತಿತ್ತು. "ತಲೆ ಮೇಲೆ ಒಂದು ಹಲಗೆ ಇಡು, ಆಗ ಯಾರೂ ತಪ್ಪು ತಿಳಿಯಲ್ಲ" ಅಂದಿದ್ದೆ. ನೀನು ಇಂದಿಗೂ ಹಲಗೆ ಇಡುತ್ತೀಯ. ಯಾರೂ ತಪ್ಪು ತಿಳಿಯಲಿಲ್ಲ. ನಾನೂ ತಿಳಿಯಲಿಲ್ಲ.

ಆ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ನಿನ್ನ ಮನೆಗೆ ಬಂದೆ. ಅಲ್ಲಿ ಆದದ್ದನ್ನು ಆಮೇಲೆ ಬರೆಯುತ್ತೇನೆ. ನೀನು ಮರೆತಿರುವ ಕೆಲವನ್ನು ಮೊದಲು ಹೇಳಬೇಕು.

ಟೈಮ್‌ಕೀಪರ್ ಅವರ ಕೋಣೆ ನಿನಗೆ ನೆನಪಿದೆಯೇ? ಡಿಪೋ ಗೇಟಿನ ಪಕ್ಕ, ಮೂರು ಕಡೆ ಗಾಜು, ಒಂದು ಗೋಡೆ ಗಡಿಯಾರ, ಒಂದು ದಪ್ಪ ದಾಖಲೆ ಪುಸ್ತಕ. ಪ್ರತಿ ಬಸ್ಸು ಹೊರಟ ಹೊತ್ತು, ಬಂದ ಹೊತ್ತು, ಅವರು ನಿಂತುಕೊಂಡೇ ಬರೆಯುತ್ತಿದ್ದರು. ಕೂತು ಬರೆದರೆ ಗೇಟು ಕಾಣುವುದಿಲ್ಲ ಅನ್ನುತ್ತಿದ್ದರು. ಅಪ್ಪ ಇಲ್ಲದ ಮಕ್ಕಳು ಬಸ್ಸಿನ ಚಕ್ರಕ್ಕೆ ಸಿಕ್ಕಾರು ಅಂತ ನಮ್ಮಿಬ್ಬರನ್ನೂ ಕೋಣೆಯ ಒಳಗೆ ಕರೆದು ಕೂರಿಸುತ್ತಿದ್ದರು. ನೌಕರರ ಸಂಘದ ಕಪಾಟಿನಲ್ಲಿ ಯಾರೋ ದಾನ ಕೊಟ್ಟ ಅನುವಾದದ ಕಾದಂಬರಿಗಳು ಒಂದು ಸಾಲು ಇದ್ದವು. ಯಾರೂ ಮುಟ್ಟುತ್ತಿರಲಿಲ್ಲ. ಅವರು ಒಂದೊಂದಾಗಿ ತಂದು ನನ್ನ ಮುಂದೆ ಇಟ್ಟರು. ನೀನು ಕಿಟಕಿಯಲ್ಲಿ ಮುಖವಿಟ್ಟು ಕಂಡಕ್ಟರುಗಳ ಹಾಗೆ "ರೈಟ್, ರೈಟ್!" ಅಂತ ಕೂಗುತ್ತಿದ್ದೆ. ಡ್ರೈವರುಗಳು ನಿನಗೆ 'ರೈಟು' ಅಂತಲೇ ಹೆಸರಿಟ್ಟರು. ಮುಂದೆ ನೀನು ಕಂಡಕ್ಟರ್ ಆದಾಗ ಆ ಹೆಸರು ಸಿದ್ಧವಾಗಿಯೇ ಇತ್ತು. ಶಾಸಕನಾದಾಗ ಹಳೆಯ ಡ್ರೈವರೊಬ್ಬ ಹಾರ ಹಾಕುತ್ತಾ, "ರೈಟು, ಈಗಲಾದ್ರೂ ಚಿಲ್ಲರೆ ಸರಿಯಾಗಿ ಕೊಡಪ್ಪಾ" ಅಂದು ಇಡೀ ವೇದಿಕೆಯನ್ನು ನಗಿಸಿದ.

ಕಂಡಕ್ಟರ್ ಆದ ಮೊದಲ ವರ್ಷ ನಿನ್ನ ಬಸ್ಸು ಹನ್ನೆರಡು ನಿಮಿಷ ತಡವಾಗಿ ಬಂತು. ವಾರದ ರಜೆ ಕತ್ತರಿಸುತ್ತಾರೆ ಅಂತ ನೀನು ಗಾಜಿನ ಕಿಂಡಿಯಲ್ಲಿ ತಲೆ ತೂರಿಸಿ, "ಅಣ್ಣಾ, ಸರಿಯಾದ ಹೊತ್ತಿಗೇ ಬಂತು ಅಂತ ಬರ್ಕೊಳ್ಳಿ, ಹನ್ನೆರಡು ನಿಮಿಷ ತಾನೆ?" ಅಂದೆ. ನಾನು ಒಳಗೆ ಓದುತ್ತಾ ಕುಳಿತಿದ್ದೆ. ಅವರು ತಲೆ ಎತ್ತಲಿಲ್ಲ. "ನಿನಗೆ ಹನ್ನೆರಡು ನಿಮಿಷ ನಾನು ಕೊಡ್ತೀನಿ. ಸ್ಟಾಪಲ್ಲಿ ಕಾಯ್ತಾ ನಿಂತಿದ್ರಲ್ಲ, ಅವರಿಗೆ ಯಾರು ಕೊಡ್ತಾರೆ?" ಅಂದರು. ಹೊತ್ತನ್ನು ಇದ್ದಂತೆಯೇ ಬರೆದರು. ಆ ವಾರ ನಿನಗೆ ರಜೆ ಇರಲಿಲ್ಲ. ಎರಡು ದಿನ ನೀನು ಅವರ ಜೊತೆ ಮಾತು ಬಿಟ್ಟೆ.

ಮೂರು ವರ್ಷದ ನಂತರ ದುಡಿಮೆಯ ಗಂಟೆಗಳಿಗಾಗಿ ಡಿಪೋ ಮುಷ್ಕರ ಹೂಡಿದಾಗ ಗೇಟಿನ ಮುಂದೆ ಮಗುಚಿದ ಟೈರಿನ ಮೇಲೆ ನಿಂತು ನೀನು ಮೊದಲ ಭಾಷಣ ಮಾಡಿದೆ. ಅದರಲ್ಲಿ ಜನ ಚಪ್ಪಾಳೆ ತಟ್ಟಿದ್ದು ಒಂದೇ ಮಾತಿಗೆ: "ನಮ್ಮ ನಿಮಿಷಗಳನ್ನು ತೆಗೆದುಕೊಂಡವರೇ, ಅವನ್ನು ನಮಗೆ ಯಾರು ಕೊಡ್ತಾರೆ?" ನಾನು ಗುಂಪಿನ ಹಿಂದೆ ನಿಂತಿದ್ದೆ. ಟೈಮ್‌ಕೀಪರ್ ಪಕ್ಕದಲ್ಲಿದ್ದರು. "ನಿಮ್ಮ ಮಾತು ಕದ್ದ" ಅಂದೆ. ಅವರು ನಕ್ಕು, "ಕದೀಲಿ ಬಿಡು, ಇನ್ನೂ ಚೆನ್ನಾಗಿ ಹೇಳ್ದ" ಅಂದರು. ನಿನ್ನನ್ನು ಕೆಲಸದಿಂದ ತೆಗೆದ ದಿನ ಅವರೂ ರಾಜೀನಾಮೆ ಕೊಟ್ಟು ಬಂದರು. ಇಪ್ಪತ್ತೆರಡು ವರ್ಷದ ನೌಕರಿ. ಆ ರಾಜೀನಾಮೆಗೆ ಅವರೇ ತಾರೀಕು ಬರೆದಿದ್ದರು, ಹೊತ್ತನ್ನೂ ಬರೆದಿದ್ದರು: ಬೆಳಿಗ್ಗೆ ಹತ್ತು ನಲವತ್ತು.

ಮುಂದಿನದು ಊರಿಗೆಲ್ಲ ಗೊತ್ತಿರುವ ಕಥೆ. ಮೊದಲ ಚುನಾವಣೆಯಲ್ಲಿ ಅರವತ್ತೊಂದು ಮತಗಳಿಂದ ಸೋತು ನೀನು ಮೂರು ದಿನ ಕದ ಹಾಕಿಕೊಂಡು ಮಲಗಿದ್ದೆ. ಅವರು ಬಾಗಿಲಾಚೆ ಕೂತು ಮತಗಟ್ಟೆವಾರು ಪಟ್ಟಿಯನ್ನು ಜೋರಾಗಿ ಓದಿದರು, ಎಲ್ಲೆಲ್ಲಿ ಎಷ್ಟೆಷ್ಟು ಕಡಿಮೆ ಅಂತ. ನಾಲ್ಕನೇ ಬೀದಿಯ ಹೊತ್ತಿಗೆ ನೀನು ಒಳಗಿನಿಂದ, "ಅಲ್ಲಿ ಹೇಗೆ ಹದಿನೇಳು ಬಂತು?" ಅಂತ ಕೇಳಿದೆ. ಅಷ್ಟೇ, ಕದ ತೆರೆಯಿತು. ಆಮೇಲೆ ವಾರ್ಡು, ಆಮೇಲೆ ಜಿಲ್ಲೆ, ಎರಡು ಬಾರಿ ಶಾಸಕ. ಪಕ್ಷದ ನಿಯಮಾವಳಿ ಬರೆಯುವಾಗ ಅವರೇ ಕೂತು ಆ ಒಂದು ಸಾಲು ಸೇರಿಸಿದರು. ಎರಡು ಅವಧಿಗಿಂತ ಹೆಚ್ಚು ಯಾರೂ ರಾಜ್ಯಾಧ್ಯಕ್ಷರಾಗಿ ಇರಕೂಡದು, ಶಿಸ್ತು ಸಮಿತಿಯ ಅಧ್ಯಕ್ಷರು ಬರಹದಲ್ಲಿ ಒಪ್ಪಿದರೆ ಮಾತ್ರ ವಿನಾಯಿತಿ. ಅವತ್ತು ಮೇಜು ಗುದ್ದಿ ಎಲ್ಲರಿಗಿಂತ ಮೊದಲು ಒಪ್ಪಿದವನು ನೀನು.

ಹತ್ತು ವರ್ಷದ ಹಿಂದೆ ನೀನು ರಾಜ್ಯಾಧ್ಯಕ್ಷನಾದ ತಿಂಗಳಲ್ಲೇ ನಮ್ಮ ಐವರು ಶಾಸಕರಲ್ಲಿ ಮೂವರು ಒಂದೇ ವಾರದಲ್ಲಿ ಆಚೆ ಪಕ್ಷಕ್ಕೆ ಹಾರಿದರು. ನೀನು ಊಟ ಬಿಟ್ಟೆ. ಆಗ ಹುಟ್ಟಿದ್ದು ಆ ಉಪಾಯ. ಪ್ರತಿ ಪದಾಧಿಕಾರಿಯಿಂದಲೂ ತಾರೀಕಿಲ್ಲದ ರಾಜೀನಾಮೆ ಪತ್ರಕ್ಕೆ ಸಹಿ ಹಾಕಿಸಿ ಇಟ್ಟುಕೊಳ್ಳುವುದು. ಯಾರಾದರೂ ಬೇರೆ ಬಾಗಿಲು ತಟ್ಟಿದರೆ ತಾರೀಕು ಹಾಕಿದರಾಯಿತು. ನಲವತ್ಮೂರು ಪತ್ರಗಳನ್ನು ಟೈಪ್ ಮಾಡಿದವಳು ನಾನು. ಎಲ್ಲದರಲ್ಲೂ 'ವೈಯಕ್ತಿಕ ಕಾರಣಗಳಿಂದ' ಅಂತ ಇತ್ತು. ಟೈಮ್‌ಕೀಪರ್ ಮಾತ್ರ ಓದದೆ ಸಹಿ ಹಾಕುವವರಲ್ಲ. "ನನಗೆ ಯಾವ ವೈಯಕ್ತಿಕ ಕಾರಣವೂ ಇಲ್ಲಮ್ಮ. ಸುಳ್ಳಿಗೆ ಸಹಿ ಹಾಕಿಸ್ತೀಯಾ? ಪಕ್ಷದ ಹಿತ ಅಂತ ಹಾಕು, ಅದಾದ್ರೆ ಎಂದಿಗೂ ಸುಳ್ಳಾಗಲ್ಲ" ಅಂದರು. ಅವರ ಪತ್ರವನ್ನು ಬೇರೆಯಾಗಿ ಟೈಪ್ ಮಾಡಿದೆ. ಹಾಗಾಗಿಯೇ ಇವತ್ತು ಬೆಳಿಗ್ಗೆ ಒಂದೇ ನೋಟಕ್ಕೆ ಗುರುತು ಸಿಕ್ಕಿತು.

ಆ ಹಸಿರು ಕಡತ ನನ್ನ ಬೆನ್ನ ಹಿಂದಿನ ಕಬ್ಬಿಣದ ಬೀರುವಿನಲ್ಲಿತ್ತು. ಬೀಗದಕೈ ನನ್ನ ಹತ್ತಿರ. ಮಂಗಳವಾರ ಮಧ್ಯಾಹ್ನ ನೀನು ಬಂದು, "ಅಕ್ಕಾ, ಬೀಗದಕೈ ಕೊಡು, ಟೈರ್ ಮೇಲೆ ನಿಂತಿದ್ದ ಹಳೇ ಫೋಟೋ ಬೇಕಿತ್ತು, ಸಭೆಗೆ ದೊಡ್ಡದು ಮಾಡಿಸ್ಬೇಕು" ಅಂದೆ. ಮೂವತ್ತು ವರ್ಷದಲ್ಲಿ ನೀನು ಈ ಕಚೇರಿಯಲ್ಲಿ ನನ್ನನ್ನು ಅಕ್ಕಾ ಅಂದದ್ದು ಅದೇ ಮೊದಲ ಸಲ. ಆ ಒಂದು ಪದಕ್ಕೆ ಎಷ್ಟು ಹಿಗ್ಗಿದೆ ಅಂದರೆ, ಕೈ ಒರೆಸಿಕೊಂಡು ಬೀಗದಕೈ ಕೊಟ್ಟು ನಿನಗೆ ಚಹಾ ಹೇಳಲು ಕೆಳಗೆ ಇಳಿದುಹೋದೆ. ಮೇಲೆ ಬರುವ ಹೊತ್ತಿಗೆ ನೀನು ಹೋಗಿದ್ದೆ. ಫೋಟೋ ಇಟ್ಟಲ್ಲೇ ಇದೆ, ಈಗ ನೋಡಿದೆ. ಕಡತದಲ್ಲಿ ನಲವತ್ತೆರಡು ಪತ್ರಗಳಿವೆ.

ಗುರುವಾರ ನಿನ್ನ ಆಪ್ತ ಸಹಾಯಕ ಫೋನ್ ಮಾಡಿದ. ಇಡೀ ಕಚೇರಿ ಅವನನ್ನು ಹೂಂಸಾರ್ ಅನ್ನುತ್ತದೆ, ನಿನಗೂ ಗೊತ್ತು. "ಮೇಡಂ, ಬಂದ ಪತ್ರಗಳ ಪುಸ್ತಕದಲ್ಲಿ ನಾಳೆಗೆ ಒಂದು ನಂಬರ್ ಬಿಟ್ಟಿರಿ, ಒಂದು ಕಾಗದ ಬರೋದಿದೆ" ಅಂದ. ಬಿಟ್ಟೆ. ಎಷ್ಟೋ ವರ್ಷದಿಂದ ಹಾಗೆ ಬಿಡುತ್ತಾ ಬಂದಿದ್ದೇನೆ. ಜಿಲ್ಲೆಯ ಕಾಗದ ತಡವಾಗುತ್ತದೆ, ಯಾರೋ ಕೈಯಲ್ಲಿ ತರುತ್ತಾರೆ, ಒಂದು ಸಾಲು ಖಾಲಿ ಇದ್ದರೆ ಕೆಲಸ ಸಲೀಸು. ಶುಕ್ರವಾರದ ಪುಟದಲ್ಲಿ ನಾನೂರ ಹನ್ನೊಂದರ ನಂತರ ಒಂದು ಸಾಲು ಖಾಲಿ, ಆಮೇಲೆ ನಾನೂರ ಹದಿಮೂರು. ಬೇರೆಯವರ ಸುಳ್ಳಿಗೆ ಜಾಗ ಬಿಡುವುದನ್ನು ನಾನು ಕೆಲಸದ ಅಚ್ಚುಕಟ್ಟು ಅಂದುಕೊಂಡಿದ್ದೆ. ನಾಳೆ ಸಭೆಯಲ್ಲಿ ಆ ಪುಸ್ತಕವನ್ನು ತೋರಿಸಿ, ಪತ್ರ ಶುಕ್ರವಾರ ಬಂತು ಅಂತ ನಾನು ಹೇಳಬೇಕು. ನಾನು ಹೇಳಿದರೆ ಮಾತ್ರ ರಾಜೀನಾಮೆ ಅಂಗೀಕಾರ. ಅಂಗೀಕಾರವಾದರೆ ಮಾತ್ರ ನಿನ್ನ ಕಡೆಯವರು ಆ ಕುರ್ಚಿಯಲ್ಲಿ ಕೂತು ನಿನಗೆ ಮೂರನೇ ಅವಧಿ ಬರೆದುಕೊಡುತ್ತಾರೆ.

ಇನ್ನೊಂದನ್ನೂ ಒಪ್ಪಿಕೊಳ್ಳುತ್ತೇನೆ. ಅವರಿಗೆ ಪಾರ್ಶ್ವವಾಯು ಹೊಡೆದ ವಾರದಲ್ಲಿ ನೀನು ಹೇಳಿದಂತೆ ಪತ್ರಿಕೆಗಳಿಗೆ ಟಿಪ್ಪಣಿ ಬರೆದವಳೂ ನಾನೇ. 'ಆರೋಗ್ಯ ಸ್ಥಿರವಾಗಿದೆ, ಆಪ್ತರೊಂದಿಗೆ ಮಾತನಾಡುತ್ತಿದ್ದಾರೆ.' ಕಾರ್ಯಕರ್ತರು ಗಾಬರಿಯಾಗದಿರಲಿ ಅಂತ ನೀನು ಅಂದೆ. ಅವರು ಮಾತನಾಡುತ್ತಿರಲಿಲ್ಲ. ಬಲಗೈ ದಿಂಬಿನ ಮೇಲೆ ಇಟ್ಟ ವಸ್ತುವಿನ ಹಾಗೆ ಬಿದ್ದಿತ್ತು. ಅದನ್ನು ನಾನು ಕಣ್ಣಾರೆ ನೋಡಿ ಬಂದು ಆ ವಾಕ್ಯ ಬರೆದೆ. ಈಗ ಜನ ನಿನ್ನ ಪತ್ರವನ್ನು ನಂಬುತ್ತಿರುವುದು ನನ್ನ ಟಿಪ್ಪಣಿಯನ್ನು ನಂಬಿದ್ದರಿಂದ.

ಇನ್ನು ಇವತ್ತಿನ ಬೆಳಿಗ್ಗೆ.

ನೀನು ಕನ್ನಡಿಯ ಮುಂದೆ ಮುಖಕ್ಕೆ ನೊರೆ ಹಚ್ಚಿಕೊಂಡು ನಿಂತಿದ್ದೆ. "ಏನಕ್ಕಾ ಇಷ್ಟು ಬೇಗ? ತಿಂಡಿ ಆಯ್ತಾ?" ಅಂದೆ. ನಾನು ಪೇಪರ್ ಬಿಡಿಸಿ ಬೇಸಿನ್ನಿನ ಪಕ್ಕ ಇಟ್ಟೆ. ನೀನು ಓದಲಿಲ್ಲ. ಓದುವ ಅಗತ್ಯ ನಿನಗಿರಲಿಲ್ಲ. ರೇಜರನ್ನು ನೀರಿನಲ್ಲಿ ಆಡಿಸುತ್ತಾ, ಸಭೆಯಲ್ಲಿ ಪ್ರಶ್ನೆಗೆ ಉತ್ತರ ಕೊಡುವ ಧ್ವನಿಯಲ್ಲಿ ಹೇಳಿದೆ: "ಸಹಿ ಯಾರದು? ಅವರದೇ. ಮಾತು ಯಾರದು? ಅವರೇ ಹೇಳಿ ಬರೆಸಿದ್ದು. ನಾನು ಹಾಕಿದ್ದು ಒಂದು ತಾರೀಕು. ತಾರೀಕೇನು ಯಾರಪ್ಪನ ಮನೆ ಆಸ್ತಿನಾ ಅಕ್ಕಾ? ಇದರಲ್ಲಿ ಸುಳ್ಳು ಎಲ್ಲಿದೆ, ಬೆರಳಿಟ್ಟು ತೋರ್ಸು."

ನಾನು ಬೆರಳಿಡಲಿಲ್ಲ. "ಮೂರನೇ ಅವಧಿ ಬೇಡ ಅಂತ ಅವರು ಅಂದಿದ್ರಲ್ಲೋ" ಅಂದೆ.

"ಅಂದಿದ್ರು. ಜನವರಿಯಲ್ಲಿ ಅಂದಿದ್ರು. 'ಹೊರಡೋ ಹೊತ್ತಾದ್ರೆ ಬಸ್ಸು ಹೊರಡಬೇಕು, ಡ್ರೈವರ್ ಎಷ್ಟು ಒಳ್ಳೆಯವನಾದ್ರೂ ಇಳೀಬೇಕು' ಅಂದಿದ್ರು. ಈಗ ಅವರು ಇದ್ದೂ ಇಲ್ಲದ ಹಾಗೆ. ಮಾತಿಲ್ಲ, ಗುರುತಿಲ್ಲ. ಅವರ ಹೆಸರಲ್ಲಿ ಇಡೀ ಪಕ್ಷ ಕೈ ಕಟ್ಟಿ ಕೂತ್ಕೋಬೇಕಾ?"

"ಗುರುತಿದೆ" ಅಂದೆ. "ದಿನಾ ಮಧ್ಯಾಹ್ನ ನಾನು ಕಾದಂಬರಿ ಓದ್ತೀನಿ, ಕೇಳಿಸ್ಕೊಳ್ತಾರೆ. ಒಂದು ಪುಟ ಹಾರಿಸಿದ್ರೆ ಎಡಗೈಯಲ್ಲಿ ಮಂಚ ತಟ್ತಾರೆ."

ಕೆನ್ನೆಯ ಮೇಲೆ ರೇಜರ್ ನಿಂತಿತು. ನೀನು ನಿಜವಾಗಿ ಬೆಚ್ಚಿದ್ದನ್ನು ಕನ್ನಡಿಯಲ್ಲಿ ನೋಡಿದೆ. ಅದಕ್ಕೆ ಕಾರಣವೂ ಗೊತ್ತು. ಈ ನಲವತ್ತು ದಿನದಲ್ಲಿ ನೀನು ಆಸ್ಪತ್ರೆಗೆ ಹೋಗಿದ್ದು ಒಂದೇ ಸಲ, ಮೂರನೇ ದಿನ, ಕ್ಯಾಮೆರಾದವರ ಜೊತೆ. ಅವತ್ತು ಅವರು ಕಣ್ಣು ತೆರೆದಿರಲಿಲ್ಲ. ಅಲ್ಲಿಂದ ಬಂದವನು ನಿನ್ನ ಮನಸ್ಸಿನಲ್ಲಿ ಅವರನ್ನು ಮುಗಿಸಿಬಿಟ್ಟಿದ್ದೆ. ಸತ್ತವರ ಪತ್ರಕ್ಕೆ ತಾರೀಕು ಹಾಕುತ್ತಿದ್ದೇನೆ ಅಂದುಕೊಂಡಿದ್ದೆ. ಬದುಕಿದ್ದಾರೆ, ಕೇಳಿಸಿಕೊಳ್ಳುತ್ತಿದ್ದಾರೆ ಅಂತ ಗೊತ್ತಾದ ಕ್ಷಣದಲ್ಲಿ ನೀನು ಕುಸಿಯುತ್ತೀಯ, ಅಯ್ಯೋ ಅಕ್ಕಾ ಅನ್ನುತ್ತೀಯ ಅಂತ ಕಾದೆ. ಟೈರಿನ ಮೇಲೆ ನಿಂತಿದ್ದ ಹುಡುಗನಿಗಾಗಿ ಕಾದೆ.

ನೀನು ಟವೆಲ್ಲಿನಿಂದ ಗದ್ದ ಒರೆಸಿಕೊಂಡು ಕೇಳಿದೆ: "ಆದ್ರೂ... ಕೈ ಆಡಲ್ಲ ತಾನೆ?"

ಈ ಮಾತನ್ನು ನಾನು ಬೆಳಿಗ್ಗೆಯಿಂದ ಹೊತ್ತುಕೊಂಡು ತಿರುಗುತ್ತಿದ್ದೇನೆ. ಬಸ್ಸಿನಲ್ಲಿ, ಆಸ್ಪತ್ರೆಯ ಮೆಟ್ಟಿಲ ಮೇಲೆ, ಇಲ್ಲಿ. ಅನುವಾದದ ಕಾದಂಬರಿ ಓದುವಾಗ ನನಗೆ ಯಾವಾಗಲೂ ಒಂದು ಅನುಮಾನ ಇರುತ್ತದೆ: ಈ ಮಾತು ಆ ಮನುಷ್ಯನದೇ, ಇಲ್ಲಾ ಬೇರೆಯವರು ತಂದು ಅವನ ಬಾಯಲ್ಲಿ ಇಟ್ಟಿದ್ದೇ? ಬೆಳಿಗ್ಗೆ ನಿನ್ನ ಬಾಯಿಂದ ಅದನ್ನು ಕೇಳಿದಾಗಲೂ ಹಾಗೆಯೇ ಅನ್ನಿಸಿತು. ಆದರೆ ಮಧ್ಯದಲ್ಲಿ ಯಾರೂ ಇರಲಿಲ್ಲ. ನೀನು, ನಾನು, ಕನ್ನಡಿ. ನಿನ್ನ ಹೆಂಡತಿ ಬಾಗಿಲ ಹತ್ತಿರ ಕಾಫಿ ಲೋಟ ಹಿಡಿದು ನಿಂತಿದ್ದಳು. ಅವಳು ಲೋಟವನ್ನು ಹಾಗೇ ಹಿಡಿದುಕೊಂಡು ಒಳಗೆ ಹೋದಳು. ನನಗೆ ಕೊಡಲಿಲ್ಲ, ನಿನಗೂ ಕೊಡಲಿಲ್ಲ.

ಮಧ್ಯಾಹ್ನ ಆಸ್ಪತ್ರೆಗೆ ಹೋಗಬಾರದು ಅಂದುಕೊಂಡೆ. ಕಾಲು ಕೇಳಲಿಲ್ಲ. ವಾರ್ಡಿನ ಕೊನೆಯ ಮಂಚ, ಕಿಟಕಿಯ ಪಕ್ಕ. ಅವರ ಮಗಳು, ಟೈಲರ್, ಅಲ್ಲೇ ಕೂತು ಒಂದು ರವಿಕೆಗೆ ಗುಂಡಿ ಹಾಕುತ್ತಿದ್ದಳು. ನನ್ನನ್ನು ನೋಡಿ ದಾರವನ್ನು ಹಲ್ಲಿನಲ್ಲಿ ಕಡಿದು, "ಪಕ್ಕದ ಮಂಚದವರು ಪೇಪರ್ ಕೊಟ್ರು ಅಕ್ಕಾ. ಅಪ್ಪ ನೋಡಿದ್ರು. ನಾನು ತಡೆಯೋಕಾಗ್ಲಿಲ್ಲ" ಅಂದಳು. ಆಮೇಲೆ ಮೆಲ್ಲಗೆ, "ಇದನ್ನ ಯಾರು ಬರ್ದಿದ್ದು ಅಕ್ಕಾ? ನಮ್ಮಪ್ಪಂಗೆ ಚಮಚ ಹಿಡಿಯೋಕೂ ಬರಲ್ಲ" ಅಂದಳು.

ಚೀಲದಿಂದ ಕಾದಂಬರಿ ತೆಗೆದೆ. ಅವರು ಕಣ್ಣಿನಲ್ಲೇ ಬೇಡ ಅಂದರು. ಪೇಪರ್ ಅವರ ಎದೆಯ ಮೇಲಿತ್ತು. ಎಡಗೈಯ ತೋರುಬೆರಳನ್ನು ಎತ್ತಿ, ಬಹಳ ನಿಧಾನವಾಗಿ ತಂದು, ಫೋಟೋದಲ್ಲಿರುವ ತಾರೀಕಿನ ಮೇಲೆ ಇಟ್ಟರು. ಒಮ್ಮೆ ತಟ್ಟಿದರು. ಮತ್ತೆ ಅದೇ ಬೆರಳನ್ನು ಎಳೆದುಕೊಂಡು ಹೋಗಿ ತಮ್ಮ ಬಲಗೈಯ ಮೇಲೆ ಇಟ್ಟರು. ಅಲ್ಲೂ ಒಮ್ಮೆ ತಟ್ಟಿದರು. ಬಲಗೈ ಅಲ್ಲಾಡಲಿಲ್ಲ. ನೀನು ಬೆಳಿಗ್ಗೆ ಕೇಳಿದ್ದ ಪ್ರಶ್ನೆಗೆ ಮಧ್ಯಾಹ್ನ ಅವರೇ ಉತ್ತರ ಕೊಟ್ಟರು, ಪುಟ್ಟಾ. ಆಡುವುದಿಲ್ಲ. ನಿನ್ನ ಪಾಲಿಗೆ ಅದು ಧೈರ್ಯ. ಅವರ ಪಾಲಿಗೆ ಅದೇ ಸಾಕ್ಷಿ.

ನನ್ನನ್ನು ನೋಡಿದರು. ಕೋಪ ಇರಲಿಲ್ಲ. ತಡವಾದ ಬಸ್ಸಿನ ಕಂಡಕ್ಟರ್ ಕಿಂಡಿಯ ಮುಂದೆ ಬಂದು ನಿಂತಾಗ, ಪೆನ್ನು ಎತ್ತಿ ಹಿಡಿದು, ಅವನೇ ನಿಜವಾದ ಹೊತ್ತು ಹೇಳಲಿ ಅಂತ ಅವರು ಕಾಯುತ್ತಿದ್ದ ಒಂದು ರೀತಿ ಇತ್ತಲ್ಲ, ಅದೇ ಅದು. ಎಷ್ಟು ಹೊತ್ತು ಹಾಗೆ ನೋಡಿದರೋ. "ನಾಳೆ ಹೇಳ್ತೀನಿ" ಅಂದುಬಿಟ್ಟೆ. ಏನನ್ನು ಅಂತ ನನಗೇ ಗೊತ್ತಿರಲಿಲ್ಲ. ಅವರು ಕಣ್ಣು ಮುಚ್ಚಿದರು. ಮಗಳು ಪೇಪರನ್ನು ಮಡಚಿ ದಿಂಬಿನ ಕೆಳಗೆ ಇಟ್ಟಳು.

ಅಲ್ಲಿಂದ ಇಲ್ಲಿಗೆ ಬಂದೆ. ಬಂದ ಕೂಡಲೇ ಕಪಾಟಿನ ಕೆಳಗಿನ ಸಾಲಿನಿಂದ ಒಂದು ದಪ್ಪ ಪುಸ್ತಕ ತೆಗೆದೆ.

ನಿನಗೆ ನೆನಪಿರಲಿಕ್ಕಿಲ್ಲ. ಪದಾಧಿಕಾರಿಗಳು ಸಹಿ ಹಾಕಲು ಹಿಂದೆಮುಂದೆ ನೋಡಿದ ದಿನ ನೀನು ಎದ್ದು ನಿಂತು, "ಮೊದಲನೆಯದು ನನ್ನದೇ ಇರಲಿ. ನಾನು ದಾರಿ ತಪ್ಪಿದರೆ ನನಗೂ ಇದೇ ಶಿಕ್ಷೆ" ಅಂದೆ. ನನ್ನ ಮೇಜಿನಿಂದ ಒಂದು ಹಾಳೆ ಎಳೆದುಕೊಂಡು, ರಾಜ್ಯಾಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಅಂತ ನಿನ್ನ ಕೈಯಾರೆ ಬರೆದು, ಸಹಿ ಹಾಕಿ, ತಾರೀಕಿನ ಜಾಗ ಬಿಟ್ಟು ಟೈಮ್‌ಕೀಪರ್ ಕೈಗೆ ಕೊಟ್ಟೆ. ಚಪ್ಪಾಳೆ ನಿಲ್ಲಲೇ ಇಲ್ಲ. ಅದಾದ ಮೇಲೆ ನಲವತ್ಮೂರು ಜನ ಸಾಲು ನಿಂತು ಸಹಿ ಹಾಕಿದರು. ಸಭೆ ಮುಗಿದ ಮೇಲೆ ಅವರು ಅದನ್ನು ತಂದು ನನ್ನ ಮುಂದೆ ಇಟ್ಟು, "ಇದು ಆ ಕಡತದಲ್ಲಿ ಬೇಡ. ಕಡತ ನಾಳೆ ಅವನ ಕೈಗೇ ಹೋಗುತ್ತೆ. ಯಾರೂ ಮುಟ್ಟದ ಕಡೆ ಇಡು" ಅಂದರು. ಈ ಕಟ್ಟಡದಲ್ಲಿ ಯಾರೂ ಮುಟ್ಟದ್ದು ಅಂದರೆ ನನ್ನ ಕಾದಂಬರಿಗಳು. "ನಮ್ಮ ಜನರ ಗೋಳು ಸಾಲದು ಅಂತ ನಮ್ಮ ಕಾರ್ಯದರ್ಶಿ ಬೇರೆ ದೇಶದವರ ಗೋಳನ್ನೂ ತರಿಸಿಕೊಂಡು ಓದ್ತಾರೆ" ಅಂತ ನೀನು ಎಲ್ಲರೆದುರು ಹೇಳಿದ ಪುಸ್ತಕಗಳು. ಅವುಗಳಲ್ಲೇ ಎಲ್ಲಕ್ಕಿಂತ ದಪ್ಪದ್ದರ ಇನ್ನೂರ ಹನ್ನೊಂದನೇ ಪುಟದಲ್ಲಿ ನಿನ್ನ ರಾಜೀನಾಮೆ ಹತ್ತು ವರ್ಷದಿಂದ ಮಲಗಿದೆ. ಅದು ನಲವತ್ನಾಲ್ಕನೆಯದು.

ಅದನ್ನು ಮೇಜಿನ ಮೇಲೆ ಬಿಡಿಸಿಟ್ಟೆ. ಸುಳ್ಳು ಹೇಳುವುದಿಲ್ಲ, ಪೆನ್ನು ತೆಗೆದುಕೊಂಡೆ. ಸಹಿ ನಿನ್ನದೇ, ಮಾತು ನಿನ್ನದೇ, ನಾನು ಹಾಕುವುದು ಒಂದು ತಾರೀಕು ತಾನೆ? ಖಾಲಿ ಬಿಟ್ಟ ನಾನೂರ ಹನ್ನೆರಡನೇ ಸಾಲಿಗೆ ಅದನ್ನೇ ಸೇರಿಸಿದರೆ ನಾಳೆ ಹನ್ನೊಂದು ಗಂಟೆಗೆ ನಿನ್ನ ಕಥೆ ಮುಗಿಯುತ್ತದೆ. ನಿಬ್ಬು ಹಾಳೆಗೆ ತಾಗಿತು. 'ಹದಿಮೂರು' ಅಂತ ಬರೆಯಲು ಒಂದರ ಅಂಕಿ ಹಾಕುವ ಮೊದಲೇ ನನ್ನ ಕೈ ಮೂರರ ತಲೆಯ ಮೇಲಿನ ಗೆರೆಗೆ ಸಿದ್ಧವಾದದ್ದು ಗೊತ್ತಾಯಿತು. ನೀನು ಬರೆಯುವ ಮೂರು ನನ್ನದೇ ಮೂರು, ಪುಟ್ಟಾ. ನಿನಗೆ ಅದನ್ನು ಕಲಿಸಿದ ಕೈ ಇದು. ಪೆನ್ನು ಕೆಳಗಿಟ್ಟೆ. ಹಾಳೆಯ ಮೇಲೆ ಒಂದು ಚುಕ್ಕೆ ಮಾತ್ರ ಬಿದ್ದಿದೆ. ನಾಳೆ ಯಾರಾದರೂ ಕೇಳಿದರೆ ಆ ಚುಕ್ಕೆ ನನ್ನದು ಅಂತ ಹೇಳುತ್ತೇನೆ.

ನೀನು ಕೆಟ್ಟವನು ಅಂತ ಬರೆಯಲು ಕೂತವಳಲ್ಲ ನಾನು. ನೀನಿಲ್ಲದಿದ್ದರೆ ಆ ಡಿಪೋದವರು ಇಂದಿಗೂ ದಿನಕ್ಕೆ ಹದಿನಾಲ್ಕು ಗಂಟೆ ದುಡಿಯುತ್ತಿದ್ದರು. ಅಮ್ಮ ಕೊನೆಯ ವರ್ಷಗಳಲ್ಲಿ ಬಸ್ಸು ಹತ್ತಿದರೆ ಕಂಡಕ್ಟರುಗಳು ಎದ್ದು ನಿಲ್ಲುತ್ತಿದ್ದರು, "ರೈಟಣ್ಣನ ಅಮ್ಮ" ಅಂತ. ಅವಳು ಆ ಸೀಟಿನಲ್ಲಿ ಕೂರುತ್ತಿದ್ದ ರೀತಿ ನಿನಗೆ ಗೊತ್ತು. ಅದೆಲ್ಲ ನಿಜ. ಹಾಗಾಗಿಯೇ ಬೆಳಿಗ್ಗೆಯಿಂದ ನನಗೆ ನಂಬಿಕೆ ಬರುತ್ತಿಲ್ಲ. ನಿನ್ನ ಮನೆಯ ಕನ್ನಡಿಯಲ್ಲಿ ಕಂಡ ಮುಖವನ್ನು ಬೇರೆ ಯಾರದ್ದೋ ಅಂತ ಹೇಳಿಕೊಳ್ಳಲು ಎಷ್ಟು ಪ್ರಯತ್ನಪಟ್ಟರೂ ಆಗುತ್ತಿಲ್ಲ. ಅದೇ ಮೂಗು, ಅದೇ ಗದ್ದದ ಗಾಯ, ಬಸ್ಸಿನ ಮೆಟ್ಟಿಲಿನಿಂದ ಬಿದ್ದಾಗ ನಾನು ಸೆರಗಿನಲ್ಲಿ ಒತ್ತಿ ಹಿಡಿದಿದ್ದ ಗಾಯ.

ಈಗ ಆರೂವರೆ. ಕೆಳಗೆ ಬಾವುಟದ ಬಟ್ಟೆ ಹೊತ್ತ ಆಟೋ ಬಂದು ನಿಂತಿದೆ, ಹೂಂಸಾರ್ ಯಾರಿಗೋ ಕೂಗುತ್ತಿದ್ದಾನೆ. ಅವನು ಮೇಲೆ ಬರುವ ಮೊದಲು ನನ್ನ ತೀರ್ಮಾನ ಬರೆದುಬಿಡುತ್ತೇನೆ.

ನಾನೂರ ಹನ್ನೆರಡನೇ ಸಾಲನ್ನು ನಾನು ತುಂಬುವುದಿಲ್ಲ. ಯಾಕೆ ಖಾಲಿ ಇದೆ ಅಂತ ಸಭೆಗೆ ಹೇಳುತ್ತೇನೆ, ಬಿಟ್ಟವಳು ನಾನೇ ಅಂತಲೂ ಹೇಳುತ್ತೇನೆ. ಬೀಗದಕೈ, ಟಿಪ್ಪಣಿ, ಟೈಪ್ ಮಾಡಿದ ಪತ್ರಗಳು, ಯಾವುದನ್ನೂ ಬಿಡುವುದಿಲ್ಲ. ಹೇಳಿದ ಮೇಲೆ ಈ ಕುರ್ಚಿ ನನಗಿರುವುದಿಲ್ಲ, ಇರಬಾರದು. ಉಳಿದ ನಲವತ್ತೆರಡು ಪತ್ರಗಳನ್ನು ಅವರವರ ಕೈಗೇ ಹಿಂದಕ್ಕೆ ಕೊಡುತ್ತೇನೆ. ನಿನ್ನದನ್ನು ಹೀಗೇ, ತಾರೀಕಿಲ್ಲದೆ, ಈ ಕಾಗದದ ಜೊತೆ ಒಂದೇ ಲಕೋಟೆಯಲ್ಲಿ ಹಾಕಿ, ನಾಳೆ ಹತ್ತೂ ಮುಕ್ಕಾಲಿಗೆ ಸಭಾಂಗಣದ ಮೆಟ್ಟಿಲ ಮೇಲೆ ನಿನ್ನ ಕೈಯಲ್ಲಿ ಇಡುತ್ತೇನೆ. ಹನ್ನೊಂದಕ್ಕೆ ನಾನು ಎದ್ದು ನಿಲ್ಲುತ್ತೇನೆ.

ಹದಿನೈದು ನಿಮಿಷ. ಟೈಮ್‌ಕೀಪರ್ ನಿನಗೆ ಹನ್ನೆರಡೂ ಕೊಟ್ಟಿರಲಿಲ್ಲ. ನಾನು ಅಕ್ಕ, ಮೂರು ಹೆಚ್ಚು ಕೊಡುತ್ತಿದ್ದೇನೆ. ನಾನು ಏಳುವ ಮೊದಲು ನೀನೇ ಎದ್ದು ಹೇಳಿದರೆ ನಾನು ಕೂತೇ ಇರುತ್ತೇನೆ. ಆ ಹಾಳೆಯಲ್ಲಿ ತಾರೀಕು ಬರೆಯುವುದಿದ್ದರೆ ನೀನೇ ಬರೆ. ನಾಳೆಯ ತಾರೀಕು ಹದಿನೈದು, ಮೂರರ ತಲೆಯ ಮೇಲೆ ಹಲಗೆ ಇಡಬೇಕಾದದ್ದು ತಿಂಗಳಿನ ಜಾಗದಲ್ಲಿ ಒಂದೇ ಸಲ. ನೇರವಾಗಿ ಇಡು.

ಬರುವಾಗ ಪೆನ್ನು ಮರೆಯಬೇಡ. ಬಿಸಿಲಿರುತ್ತದೆ, ಮೆಟ್ಟಿಲನ್ನು ನಿಧಾನವಾಗಿ ಹತ್ತು. ನೀನು ಏನೇ ಮಾಡಿದರೂ ಸಭೆ ಮುಗಿದ ಮೇಲೆ ಆಸ್ಪತ್ರೆಗೆ ನಾನು ಹೋಗುವ ಬಸ್ಸಿನಲ್ಲಿ ನಿನಗೊಂದು ಸೀಟು ಹಿಡಿದಿರುತ್ತೇನೆ. ಹತ್ತುವುದು, ಬಿಡುವುದು ನಿನಗೆ ಸೇರಿದ್ದು. ಹೊತ್ತಿಗೆ ಸರಿಯಾಗಿ ಬಾ. ನಿನಗೆ ಒಳ್ಳೆಯದಾಗಲಿ ಅಂತ ಇವತ್ತೂ ಬರೆಯುತ್ತಿದ್ದೇನೆ.

ನಿನಗೆ ಅಂಕಿ ಕಲಿಸಿದ,
ಅಕ್ಕ